ಖಾಲಿ ಲೋಟದ ಸರದಿ

ಚಾಪೆಯ ಅಂಚು ಮಂಡಿಗೆ ಚುಚ್ಚುತ್ತಿದೆ, ಚುಚ್ಚಲಿ, ಅಲ್ಲಾಡಬಾರದು, ಅಲ್ಲಾಡಿದರೆ ಮಗು ತಲೆಯೆತ್ತುತ್ತದೆ, ತಲೆಯೆತ್ತಿದರೆ ಆಟ ನಿಲ್ಲುತ್ತದೆ, ಫಿದೆಲಿನಾಗೆ ಈ ಐದು ಶುಕ್ರವಾರಗಳಲ್ಲಿ ಅಷ್ಟಾದರೂ ಬುದ್ಧಿ ಬಂದಿದೆ — ಆಸ್ಪತ್ರೆಯ ಈ ಆಟದ ಕೋಣೆಗೆ ಐದು ವರ್ಷದ ಅರಮಿಯೇ ಯಜಮಾನಿ, ಹೆತ್ತವಳು ನೆಂಟರ ಹಾಗೆ ಕೂತಿರಬೇಕು. ಪ್ರಶ್ನೆ ಕೇಳಬೇಡಿ, ಕಲಿಸೋಕೆ ಹೋಗಬೇಡಿ, ಅವಳು ಮಾಡೋದನ್ನ ನೋಡಿ ಬಾಯಲ್ಲಿ ಹೇಳ್ತಾ ಇರಿ, ಅಷ್ಟೇ ಸಾಕು, ಎಂದಿದ್ದರು ಮಕ್ಕಳ ಮನಸ್ಸು ನೋಡುವ ನೋಯೆಲಿಯಾ ಮೇಡಂ ಮೊದಲ ದಿನ, ಈಗಲೂ ಬೆನ್ನ ಹಿಂದಿನ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತಿದ್ದಾರೆ, ಅಷ್ಟೇ ಅಂತೆ, ಒಂದು ಕಾಲದಲ್ಲಿ ಬಸ್ಸು ಹತ್ತಿ ಬಿಸಿ ಚಿಪಾ ಬಿಸಿ ಚಿಪಾ ಎಂದು ಕೂಗಿ ರೊಟ್ಟಿ ಮಾರಿ ಬುಟ್ಟಿ ಖಾಲಿ ಮಾಡುತ್ತಿದ್ದ ಬಾಯಿ ಇದು, ಇದನ್ನು ಕಟ್ಟಿಹಾಕುವುದು ಸಾಮಾನ್ಯವೇ. ನೀನು ಕರಡೀನ ಕೂರಿಸ್ತಿದೀಯ, ಎಂದಳು ಫಿದೆಲಿನಾ, ಕರಡಿ, ಪಕ್ಕದಲ್ಲಿ ಒಂದು ಕಿವಿ ಹೋದ ನಾಯಿ, ಆಮೇಲೆ ಕೆಂಪು ಲಂಗದ ಗೊಂಬೆ, ಆಮೇಲೆ ಇವಳು — ಇನ್ನು ತೆರೆರೆ ಶುರು, ಊರಿನ ಜಗಲಿ ಜಗಲಿಯ ಮೇಲೂ ನಡೆಯುವಂಥದ್ದೇ, ಒಂದೇ ಲೋಟ, ಒಂದೇ ಕೊಳವೆ, ಸೊಪ್ಪಿನ ಪುಡಿಯ ಮೇಲೆ ಐಸು ನೀರು ಹುಯ್ದು ಹುಯ್ದು ಒಬ್ಬರಾದ ಮೇಲೆ ಒಬ್ಬರಿಗೆ, ಇಲ್ಲಿ ಮಾತ್ರ ಪ್ಲಾಸ್ಟಿಕ್ ಲೋಟ, ಸೊಪ್ಪೂ ಇಲ್ಲ ನೀರೂ ಇಲ್ಲ.

ಹಿಂದಿನ ನಾಲ್ಕು ಶುಕ್ರವಾರವೂ ಮೊದಲ ಸುತ್ತಿನಲ್ಲಿ ಇವಳಿಗೂ ಒಂದು ಲೋಟ ಬಂದಿತ್ತು, ಎರಡನೆಯ ಸುತ್ತಿನಿಂದ ಇಲ್ಲ, ಕರಡಿಗೆ ಉಂಟು, ಒಂಟಿಕಿವಿ ನಾಯಿಗೆ ಉಂಟು, ಹೆತ್ತ ತಾಯಿಯನ್ನು ದಾಟಿ ಲೋಟ ಮುಂದೆ ಹೋಗುತ್ತಿತ್ತು. ತಪ್ಪು ತನ್ನದೇ ತಾನೇ, ಒಂದೂವರೆ ವರ್ಷದ ಕೂಸನ್ನು ಅವ್ವನ ಮಡಿಲಿಗೆ ಹಾಕಿ ಮ್ಯಾಡ್ರಿಡ್‌ಗೆ ಹೋದವಳು, ಮೂರೂವರೆ ವರ್ಷ ಅಲ್ಲಿ ಯಾರದೋ ಮುದುಕಿಗೆ ಸ್ನಾನ ಮಾಡಿಸಿ ತುತ್ತು ಕೊಟ್ಟವಳು, ತಿರುಗಿ ಬಂದರೆ ಮಗು ಅವ್ವನ ಲಂಗದ ಹಿಂದೆ, ಇವಳು ಬೇಯಿಸಿದ ಮರಗೆಣಸು ಮುಟ್ಟುವುದಿಲ್ಲ, ಇವಳ ಜೊತೆ ಒಂದು ಮಾತಿಲ್ಲ. ಮೊನ್ನೆ ಮುದುಕಿಯ ಮಗಳ ಫೋನು, ನಮ್ಮಮ್ಮ ನಿನ್ನ ಹೆಸರೇ ಹೇಳ್ತಾಳೆ, ಸೋಮವಾರದ ತನಕ ಕಾಯ್ತೀನಿ, ಬರ್ತೀಯೋ ಇಲ್ವೋ ಹೇಳಿಬಿಡು — ಅಲ್ಲಾದರೂ ಯಾರೋ ಕೇಳುವವರಿದ್ದಾರೆ, ಇಂದೂ ಲೋಟ ದಾಟಿ ಹೋದರೆ ಹೊರಟೇಬಿಡುವುದು ಎಂದುಕೊಂಡಿದ್ದಳು, ಪೆಟ್ಟಿಗೆಯ ಧೂಳೂ ಒರೆಸಿದ್ದಳು. ನಿನ್ನೆ ಮಧ್ಯಾಹ್ನ ಜಗಲಿಯಲ್ಲಿ ಅವ್ವನೆದುರು ಅತ್ತೇಬಿಟ್ಟಳು, ಅವಳಿಗೆ ನಾನು ಆ ಹರಕಲು ಕರಡಿಗಿಂತ ಕಡೆ ಆದೆ ಕಣವ್ವ. ಅಳೋದು ಆಮೇಲೆ, ಅವಳು ಹೆಂಗೆ ಕೊಟ್ಲು, ನೀನು ಹೆಂಗೆ ತಗೊಂಡೆ, ಮಾಡಿ ತೋರಿಸು, ಎಂದು ಅವ್ವ ತನ್ನ ಕೈಯಲ್ಲಿದ್ದ ಕೊಂಬಿನ ಲೋಟ ತುಂಬಿ ಕೊಟ್ಟಳು, ಇವಳು ಹೀರಿ ವಾಪಸ್ ಕೊಟ್ಟಳು, ಅವ್ವ ತಾನೊಂದು ಕುಡಿದು, ಇನ್ನೊಂದು ಕುಡಿದು, ಹೂಜಿ ಮುಚ್ಚಿದಳು. ನನಗೆ? ನಿನಗೇನು, ನೀನೇ ಥ್ಯಾಂಕ್ಸ್ ಅಂದ್ಯಲ್ಲ. ನಾನೆಲ್ಲಿ ಅಂದೆ? ಅಂದೆ ಕಣೇ ಹುಚ್ಚಿ, ಲೋಟ ಕೊಡೋವಾಗ ಬಾಯಲ್ಲೇ ಗೊಣಗಿದೆ, ತೆರೆರೆಲಿ ಥ್ಯಾಂಕ್ಸ್ ಅಂದ್ರೆ ನನಗೆ ಸಾಕು, ನಾನು ಎದ್ದೆ ಅಂತ ಅರ್ಥ, ಅದನ್ನೂ ಮರೆತು ಬಂದ್ಯಾ, ಆ ಮಗೂಗೆ ಸರಿಯಾಗಿ ಮಾತು ಬರೋ ಮುಂಚೆಯಿಂದ ನಾನೇ ಕಲಿಸಿದೀನಿ, ಥ್ಯಾಂಕ್ಸ್ ಅಂದೋರಿಗೆ ಮತ್ತೆ ಹುಯ್ಯಬಾರದು ಅಂತ. ಮ್ಯಾಡ್ರಿಡ್ಡಿನಲ್ಲಿ ಬಾಗಿಲು ಹಿಡಿದವರಿಗೆ ಥ್ಯಾಂಕ್ಸ್, ಬಸ್ಸು ನಿಲ್ಲಿಸಿದವನಿಗೆ ಥ್ಯಾಂಕ್ಸ್, ನಾಲಿಗೆಗೆ ಅಂಟಿದ್ದು ಕಿವಿಗೆ ಗೊತ್ತೇ ಆಗಿಲ್ಲ, ನಾಲ್ಕು ಶುಕ್ರವಾರವೂ ಮಗಳ ಮುಖದ ಹತ್ತಿರ ಬಗ್ಗಿ, ನಾನು ಎದ್ದೆ, ನಾನು ಎದ್ದೆ, ಎಂದು ಹೇಳಿ ಹೇಳಿ ಕೂತಿದ್ದಳಲ್ಲ, ಅಯ್ಯೋ ನನ್ನ ಬುದ್ಧಿಯೇ.

ಬಂತು. ಪುಟ್ಟ ಕೈ, ಲೋಟ, ಇವಳು ತೆಗೆದುಕೊಂಡಳು, ಗಾಳಿ ಹೀರಿದಳು, ನಾಲಿಗೆ ತುದಿಗೆ ಬಂದೇಬಿಟ್ಟಿತ್ತು, ತುಟಿ ಕಚ್ಚಿಕೊಂಡಳು, ಮಾತಿಲ್ಲದೆ ವಾಪಸ್ ಕೊಟ್ಟಳು. ಅರಮಿ ಲೋಟ ಹಿಡಿದು ಇವಳ ಬಾಯಿಯನ್ನೇ ನೋಡುತ್ತಿದ್ದಾಳೆ, ಕಾಯುತ್ತಿದ್ದಾಳೆ, ಎಷ್ಟು ಹೊತ್ತು ಕಾಯುತ್ತಾಳಪ್ಪ, ನೀನು ನನ್ನ ನೋಡ್ತಿದೀಯ, ಎಂದಳು ಫಿದೆಲಿನಾ, ಮೇಡಂ ಕಲಿಸಿದಂತೆ. ಲೋಟ ಕರಡಿಗೆ ಹೋಯಿತು, ನಾಯಿಗೆ, ಗೊಂಬೆಗೆ — ಮತ್ತೆ ಇವಳ ಮುಂದೆ. ಹೀರಿದಳು, ಕೊಟ್ಟಳು. ಮೂರನೆಯದು. ಈ ಸಲ ಕರಡಿಗೆ ಅವಸರವಾಗಿರಬೇಕು, ಅರಮಿ ಅದರ ತಲೆಗೆ ಮೊಟಕಿದಳು, ತಡಿಯೋ ನೀನು, ಇವಳು ಥ್ಯಾಂಕ್ಸ್ ಅಂದಿಲ್ಲ, ಇವಳು ಇರ್ತಾಳೆ. ಇರ್ತಾಳೆ, ಇರ್ತಾಳೆ, ಮೂಗು ಸೋರುತ್ತಿದೆ, ಒರೆಸಿಕೊಳ್ಳಲೂ ಭಯ, ಸೋಮವಾರದ ತನಕ ಯಾಕೆ, ಇವತ್ತೇ ಹೇಳಿಬಿಡಬೇಕು ಬರಲ್ಲ ಕಣಮ್ಮ ಅಂತ, ಇನ್ನು ಐದು ನಿಮಿಷ, ಎಂದರು ಹಿಂದಿನಿಂದ ಮೇಡಂ, ಅರಮಿಗೆ ಕೇಳಿಸಿದಂತಿಲ್ಲ, ಕರಡಿಯನ್ನು ದಾಟಿ, ನಾಯಿಯನ್ನು ದಾಟಿ, ಮತ್ತೆ ಇವಳಿಗೇ, ಕೊಟ್ಟ ಕೂಡಲೇ ಮತ್ತೆ, ಮೇಣದ ಬಣ್ಣ ಹತ್ತಿದ ಐದು ಬೆರಳು, ಲೋಟ, ಕೊಟ್ಟ ಕೂಡಲೇ ಮತ್ತೆ ಬೆರಳು, ಲೋಟ —