ಮುರಿದ ಕೀ

ಕೀ ಅರ್ಧಕ್ಕೇ ನಿಂತುಬಿಟ್ಟಿತು. ಅಂಚೆ ಕಚೇರಿಯಿಂದ ಊಟಕ್ಕೆ ಬಂದಿದ್ದ ಅಕ್ಕ ಅದನ್ನು ತೆಗೆದು ಊದಿದಳು, ಮತ್ತೆ ತೂರಿಸಿದಳು. ಊಹುಂ. ನಾಲ್ಕು ದಿನದ ಹಿಂದಷ್ಟೇ ಹಾಕಿದ ಬೀಗ, ಬೆಳಿಗ್ಗೆ ಸರಿಯಾಗಿಯೇ ಇತ್ತು. ಅದೂ ಬೀಗ ರಿಪೇರಿಯವನ ಮನೆಗೆ ಈ ಗತಿ! ಎದುರು ಸಾಲಿನ ಅಂಗಡಿಯಲ್ಲಿದ್ದ ಗಂಡನನ್ನು ಕೂಗಿದಳು.

ಊರವರು ಕಂಡಿದ್ದರೆ ಆಡಿಕೊಂಡು ನಗುತ್ತಿದ್ದರು ಎನ್ನೋಣವೆಂದರೆ, ಬೀಗದ ವಿಷಯಕ್ಕೆ ಆ ಊರಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ. ಹೋದ ವರ್ಷ ಮೊದಲು ಔಷಧಿ ಅಂಗಡಿಯವನು, ಎರಡು ತಿಂಗಳಿಗೆ ಡ್ರಾಯಿಂಗ್ ಮೇಷ್ಟ್ರು, ಇಬ್ಬರೂ ತಮ್ಮ ತಮ್ಮ ಮನೆಯಲ್ಲೇ ಕೊಲೆಯಾಗಿದ್ದರು. ಬೀಗ ಮುರಿದಿರಲಿಲ್ಲ, ಬಂದವನು ಕೀ ಹಾಕಿಯೇ ತೆಗೆದಿದ್ದ. ಮೇಷ್ಟ್ರು ಸತ್ತ ಮರುದಿನ, ಭಾವನ ಅಂಗಡಿಯಲ್ಲಿ ಕೀ ಕೊರೆಯುತ್ತಿದ್ದ ಅಕ್ಕನ ತಮ್ಮ ಕಾಣೆಯಾದ. ಮೂವತ್ತು ದಾಟಿದ ಗಂಡಸು, ಹೇಳದೆ ಕೇಳದೆ ಹೋದ. ಇನ್ನೇನು ಬೇಕು? ಪೊಲೀಸರಿಗೆ ಸಿಗದ ಕೊಲೆಗಾರ ಊರಿನ ಬಾಯಿಗೆ ಸಿಕ್ಕೇಬಿಟ್ಟ.

ಮನೆಮನೆಯ ಬೀಗ ಬದಲಾಯಿತು, ಇವರದೊಂದು ಬಿಟ್ಟು. "ಅವನ ಹತ್ರ ಕೀ ಇದೆ. ಬಂದ್ರೆ ಪರದೇಶಿ ಥರ ಹೊರಗೆ ನಿಲ್ಬೇಕಾ?" ಎಂದು ಅಕ್ಕ ಹನ್ನೊಂದು ತಿಂಗಳು ಹಟ ಹಿಡಿದಳು. ಕೊನೆಗೆ ಪಕ್ಕದ ಮನೆಯಾಕೆ, "ಅವನು ಯಾವಾಗ ಬೇಕಾದ್ರೂ ಬರಬಹುದು ಅಂದ್ರೆ ನಾವು ಹೇಗಮ್ಮ ನಿದ್ದೆ ಮಾಡೋದು? ನಂಗೆ ಇಬ್ಬರು ಹೆಣ್ಣುಮಕ್ಕಳು" ಎಂದು ಕಣ್ಣೀರಿಟ್ಟಾಗ ಸೋತಳು. ಹೊಸ ಬೀಗ ಕೂತ ದಿನ ಅಕ್ಕನಿಗೆ ಅನ್ನ ಇಳಿಯಲಿಲ್ಲ. ತಮ್ಮನನ್ನು ತನ್ನ ಕೈಯಾರೆ ಹೊರಗೆ ದಬ್ಬಿದೆ ಅನಿಸಿತ್ತು.

"ಏನೇ, ನಿನ್ನ ಹಟ ಬೀಗಕ್ಕೂ ಅಂಟ್ಕೊಳ್ತಾ?" ಎನ್ನುತ್ತ ಗಂಡ ಬಂದ. ಬಗ್ಗಿ ನೋಡಿದ. ತೆಳ್ಳನೆಯ ಚಿಮಟ ತೂರಿಸಿ ಮೆಲ್ಲಗೆ ಎಳೆದ. ಹಿತ್ತಾಳೆಯ ಒಂದು ತುಂಡು ಅಂಗೈಗೆ ಬಿತ್ತು.

"ಯಾರೋ ಬೇರೆ ಕೀ ಹಾಕಿ ತಿರುಗಿಸಿದಾರೆ. ಮುರಿದಿದೆ."

ತುಂಡನ್ನು ಬೆಳಕಿಗೆ ಹಿಡಿದ. ತುಂಡಿನ ಕೊನೆಯ ಹಲ್ಲು ಓರೆಯಾಗಿತ್ತು. ಅಕ್ಕನ ತಮ್ಮ ಕೆಲಸಕ್ಕೆ ಸೇರಿದ ಮೊದಲ ದಿನ ಈ ಮನೆಯ ಹಳೇ ಬೀಗಕ್ಕೆಂದೇ ಕೊರೆದು ಕೆಡಿಸಿದ ಕೀ. ಎಸೆಯುವುದು ಬೇಡವೆಂದು ಭಾವನೇ ಅರ ಹಿಡಿದು ಉಜ್ಜಿ, ಅವನಿಗೇ ಇಟ್ಟುಕೋ ಎಂದು ಕೊಟ್ಟಿದ್ದ.

"ಬದುಕಿದಾನೆ ರೀ," ಎಂದಳು ಅಕ್ಕ. "ಬಂದು, ಬಾಗಿಲು ತೆಗೀದೆ ವಾಪಸ್ ಹೋದ."

"ಬಂದಿದ್ದು ಅವನೇ ಅಂತ ಹೇಗೆ ಹೇಳ್ತೀಯ? ಅವನನ್ನ ಏನಾದ್ರೂ ಮಾಡಿದವನ ಕೈಗೂ ಕೀ ಸಿಕ್ಕಿರಬಹುದು." ಗಂಡ ಮೆತ್ತಗೇ ಹೇಳಿದ. "ಪೊಲೀಸರಿಗೆ ತಿಳಿಸ್ಲೇಬೇಕು ಕಣೇ."

"ತಿಳಿಸಿ, ಬೇಡ ಅನ್ನಲ್ಲ. ಮೊದಲು ಹಳೇ ಬೀಗ ಹಾಕಿ."

"ಕೀನೇ ಮುರಿದು ಹೋಯ್ತಲ್ಲ. ಹಳೇದು ಹಾಕಿ ಏನು ಬಂತು?"

"ಹಾಗಾದ್ರೆ ಯಾವ ಬೀಗಾನೂ ಬೇಡ."

"ಬಂದವನು ಅವನಲ್ಲದೆ ಹೋದ್ರೆ?"

"ನಾನು ಇಲ್ಲೇ ಕೂತಿರ್ತೀನಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ."

ಗಂಡ ಅವಳ ಕೀ ಹಾಕಿ ಬೀಗ ತಿರುಗಿಸಿದ. ಆಮೇಲೆ ಸ್ಕ್ರೂಡ್ರೈವರ್ ತೆಗೆದು ಒಂದೊಂದೇ ಸ್ಕ್ರೂ ಬಿಚ್ಚತೊಡಗಿದ. ಅಕ್ಕ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು, ಬೀದಿಗೆ ಮುಖ ಮಾಡಿ ಹೊಸ್ತಿಲ ಮೇಲೆ ಕೂತಳು.