ಬೆಲ್ಲು ಹೊಡೆಯುವ ತನಕ

ಹುಲ್ಲಿನ ಕಂತೆಯನ್ನು ಏಳುಮಲೈ ಕಾಲಿನಿಂದ ಹಿಂದಕ್ಕೆ ತಳ್ಳಿದ. ಅದು ಉರುಳಿಹೋಗಿ ಬೇವಿನ ಮರದ ಬುಡಕ್ಕೆ ತಾಗಿ ನಿಂತಿತು.

"ಏನಯ್ಯಾ ಇದು?" ಎಂದ ದಂಡಪಾಣಿ. ತೀರಿಹೋದ ಕುಮುದವಲ್ಲಿ ಟೀಚರ ತಮ್ಮ, ಗುಡಿಯಾತ್ತದಲ್ಲಿ ಲುಂಗಿ ವ್ಯಾಪಾರ. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣುಗಳು ಕೆಂಪಗಾಗಿದ್ದವು. "ಚಟ್ಟ ಕಟ್ಟಿ ಆಯ್ತು, ಹೂವು ಬಂತು. ತಮಟೆ ಕಾಯಿಸು ಅಂದ್ರೆ ಹುಲ್ಲು ಒದೀತೀಯಲ್ಲ."

"ಒದೀಲಿಲ್ಲ ಅಣ್ಣ. ಬದಿಗಿಟ್ಟೆ."

"ಯಾಕೆ?"

"ಪರೀಕ್ಷೆ ನಡೀತಿದೆ."

ದಂಡಪಾಣಿಗೆ ಅರ್ಥವಾಗಲಿಲ್ಲ. ಏಳುಮಲೈ ಗಲ್ಲದಿಂದಲೇ ರಸ್ತೆಯಾಚೆ ತೋರಿಸಿದ. ಅಲ್ಲಿ ಪಂಚಾಯಿತಿ ಮಿಡ್ಲ್ ಸ್ಕೂಲು. ಹಳದಿ ಗೋಡೆ, ಮುಚ್ಚಿದ ಗೇಟು, ಯಾರೂ ಇಲ್ಲದ ಅಂಗಳ. ಒಳಗೆ ಎಂಟನೇ ತರಗತಿಯವರು ಅರ್ಧವಾರ್ಷಿಕ ಲೆಕ್ಕದ ಪೇಪರು ಬರೆಯುತ್ತಿದ್ದರು. ಆ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿದ ಟೀಚರು ಈಗ ಇಲ್ಲಿ, ತಮ್ಮ ಮನೆಯಂಗಳದಲ್ಲಿ, ಗಾಜಿನ ಐಸುಪೆಟ್ಟಿಗೆಯಲ್ಲಿ ಮಲಗಿದ್ದರು. ನಿನ್ನೆ ಸಂಜೆ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹಾಗೆಯೇ ಕುಸಿದಿದ್ದರು. ಸೀರೆಯೊಂದು ಇನ್ನೂ ತಂತಿಯ ಮೇಲೇ ಇತ್ತು. ತೆಗೆಯಬೇಕೆಂದು ಯಾರಿಗೂ ತೋಚಿರಲಿಲ್ಲ.

"ಪರೀಕ್ಷೆ ಮುಗಿಯೋದು ಹನ್ನೆರಡೂವರೆಗೆ," ಎಂದ ದಂಡಪಾಣಿ. "ಇವತ್ತು ಬುಧವಾರ. ಹನ್ನೆರಡಕ್ಕೆ ರಾಹುಕಾಲ ಹಿಡಿಯುತ್ತೆ. ಅಷ್ಟರೊಳಗೆ ಎತ್ತಬೇಕು."

"ಬೆಲ್ಲು ಹೊಡೀಲಿ ಅಣ್ಣ. ಆಮೇಲೆ ಕಾಯಿಸ್ತೀನಿ."

ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಇನ್ನೊಬ್ಬ ತಮಟೆಯವನು ಜಯಪಾಲ್ ಬೀಡಿ ಕೆಳಗಿಳಿಸಿ, "ಮಾವಾ, ರಾಹುಕಾಲಕ್ಕೂ ಲೆಕ್ಕದ ಪರೀಕ್ಷೆಗೂ ಜಗಳ ತಂದಿಟ್ಟೆಯಲ್ಲ," ಎಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ತಮಟೆ ಹುಲ್ಲುರಿಗೆ ಕಾಯದೆ ಮಾತಾಡುವುದಿಲ್ಲ. ತಮಟೆ ಮಾತಾಡದೆ ವೇಪ್ಪಮೊಟ್ಟೂರಿನಲ್ಲಿ ಹೆಣ ಏಳುವುದಿಲ್ಲ. ಇದು ಊರು ಮಾಡಿದ ಕಟ್ಟಳೆ, ಊರಾಚೆಯ ದಲಿತರ ಕಾಲೋನಿಯವರನ್ನು ಕೇಳಿ ಮಾಡಿದ್ದಲ್ಲ. ಎಷ್ಟೋ ತಲೆಮಾರು ಕಾಲೋನಿಯವರನ್ನು ಕಟ್ಟಿಹಾಕಿದ್ದ ಆ ಹಗ್ಗದ ತುದಿ ಇವತ್ತು ಏಳುಮಲೈಯ ಕೈಗೆ ಸಿಕ್ಕಿತ್ತು. ಅವನು ಅದನ್ನು ಬಿಡುವ ಹಾಗೆ ಕಾಣಲಿಲ್ಲ.

*

ಏಳುಮಲೈ ಓದುತ್ತಿದ್ದ ದಿನಗಳಲ್ಲಿ ಊರಿಗೆ ಸಾವು ಬಂದರೆ ಕಾಲೋನಿಗೆ ಗೈರುಹಾಜರಿ ಬರುತ್ತಿತ್ತು. ಯಾವ ಮನೆಯಲ್ಲಿ ಯಾರು ಸತ್ತರೂ ತರಗತಿಯ ಬಾಗಿಲಲ್ಲಿ ಒಬ್ಬ ಆಳು ನಿಲ್ಲುತ್ತಿದ್ದ. ಹಿಂದಿನ ಬೆಂಚಿನ ಹುಡುಗರು ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದರು. ಒಬ್ಬ ಹುಲ್ಲು ಹೊರಲು, ಒಬ್ಬ ಗುಂಡಿ ತೋಡುವಲ್ಲಿ ನೀರು ಕೊಡಲು, ಒಬ್ಬ ತಮಟೆ ಬಡಿಯಲು. ವರ್ಷದ ಕೊನೆಯಲ್ಲಿ ಮೇಷ್ಟ್ರು, "ಈ ಜನಕ್ಕೆ ಓದು ಹತ್ತೋದಿಲ್ಲ," ಎನ್ನುತ್ತಿದ್ದರು.

ಏಳುಮಲೈ ಎಂಟನೇ ತರಗತಿಯಲ್ಲಿದ್ದಾಗ ಕುಮುದವಲ್ಲಿ ಟೀಚರು ಹೊಸದಾಗಿ ಬಂದರು. ತೆಳ್ಳನೆಯ ಹೆಂಗಸು, ಎಣ್ಣೆ ಹಾಕಿ ಬಿಗಿದ ಜಡೆ. ಮೊದಲ ದಿನ ಹೇಳಿದ್ದಿಷ್ಟೇ: "ಬರಬೇಕು. ಬಂದ್ರೆ ಕೂರಬೇಕು. ಬಾರದ್ದನ್ನ ಬಾರದು ಅನ್ನಬೇಕು. ಇನ್ನು ಉಳಿದದ್ದು ನನ್ನ ಕೆಲಸ."

ವಾರ್ಷಿಕ ಪರೀಕ್ಷೆಯ ಲೆಕ್ಕದ ದಿನವೇ ದೊಡ್ಡಮನೆಯ ಮುದುಕಿ ಸತ್ತಳು. ಏಳುಮಲೈಯ ಅಪ್ಪ ಕುಪ್ಪನಿಗೆ ಜ್ವರ, ಎದ್ದು ನಿಲ್ಲುವ ಹಾಗಿರಲಿಲ್ಲ. ದೊಡ್ಡಮನೆಯ ಇಬ್ಬರು ಆಳುಗಳು ಪರೀಕ್ಷೆಯ ಕೋಣೆಗೇ ಬಂದರು.

"ಏಯ್ ಕುಪ್ಪನ ಮಗನೇ, ಏಳೋ. ತಮಟೆ ತಗೋ."

ಹುಡುಗ ಆಗಲೇ ಅರ್ಧ ಎದ್ದಿದ್ದ. ಮನಸ್ಸಿಗೆ ಗೊತ್ತಾಗುವ ಮೊದಲೇ ಮೊಣಕಾಲಿಗೆ ಗೊತ್ತಾಗುವ ಆಜ್ಞೆ ಅದು.

"ಕೂತ್ಕೋ," ಎಂದರು ಟೀಚರು. ಅವನು ಕೂತ. ಅವರು ತಮ್ಮ ಕುರ್ಚಿಯನ್ನು ಎಳೆದುಕೊಂಡು ಹೋಗಿ ಬಾಗಿಲಿಗೆ ಅಡ್ಡ ಹಾಕಿ, ಅದರ ಮೇಲೆ ಕೂತರು. "ಬೆಲ್ಲು ಹೊಡೆಯೋ ತನಕ ಯಾರೂ ಏಳಂಗಿಲ್ಲ."

"ಟೀಚರೇ, ಹೆಣ ಕಾಯ್ತಿದೆ."

"ಹೆಣಕ್ಕೆ ಪರೀಕ್ಷೆ ಇಲ್ಲ. ಕಾಯಲಿ."

ಆಳುಗಳು ಬೈದರು. ದೊಡ್ಡಮನೆಯ ಯಜಮಾನನೇ ಬಂದು ಅಂಗಳದಲ್ಲಿ ನಿಂತ. ಆಗಿನ ಹೆಡ್ಮಾಸ್ಟರು ವರಾಂಡದಲ್ಲಿ ಕೈ ಮುಗಿದು, "ಅಮ್ಮಾ, ಒಬ್ಬ ಹುಡುಗ, ಬಿಟ್ಟುಬಿಡಿ, ನೀವು ನಾಳೆ ಈ ಊರಲ್ಲಿ ಬದುಕಬೇಕು," ಎಂದು ಬೇಡಿಕೊಂಡರು. ಕುರ್ಚಿ ಅಲ್ಲಾಡಲಿಲ್ಲ. ಬೆಲ್ಲು ಹೊಡೆಯುವ ತನಕ ದೊಡ್ಡಮನೆಯ ಹೆಣ ಅವರ ಅಂಗಳದಲ್ಲೇ ಕಾದಿತ್ತು. ಅದು ಆ ಊರಿನಲ್ಲಿ ಮೊದಲ ಸಲ.

ಇದಕ್ಕೆ ಬೆಲೆ ಕೊಟ್ಟದ್ದು ಟೀಚರಲ್ಲ, ಕಾಲೋನಿ. ಆ ಬೇಸಿಗೆ ಯಾರ ಹೊಲದಲ್ಲೂ ಕುಪ್ಪನನ್ನು ಕೂಲಿಗೆ ಕರೆಯಲಿಲ್ಲ. ಇನ್ನೊಂದು ಸಂಗತಿಯೂ ನಡೆಯಿತು. ಲೆಕ್ಕದಲ್ಲಿ ಪಾಸಾಗಲು ಮೂವತ್ತೈದು ಬೇಕಿತ್ತು. ಏಳುಮಲೈಗೆ ಬಂದದ್ದು ಮೂವತ್ತೊಂದು.

"ನಾಲ್ಕು ಮಾರ್ಕು ಟೀಚರ್," ಎಂದು ಅವರ ಮನೆಯ ಬಾಗಿಲಲ್ಲಿ ನಿಂತಿದ್ದ.

"ಮೂವತ್ತೊಂದು ನೀನು ಬರೆದದ್ದು. ಆ ನಾಲ್ಕು ನಾನು ಬರೆದದ್ದಾಗುತ್ತೆ. ಜೂನ್‌ನಲ್ಲಿ ಮತ್ತೆ ಬಾ. ಕೂರಿಸಿ ಹೇಳಿಕೊಡ್ತೀನಿ."

ಜೂನ್‌ನಲ್ಲಿ ಅವನ ಹೆಗಲ ಮೇಲೆ ತಮಟೆ ಇತ್ತು.

*

ಹೆಡ್ಮಾಸ್ಟರ್ ಇಳಂಗೋವನ್ ಸಾರ್ ರಸ್ತೆ ದಾಟಿ ಬಂದರು. ದಂಡಪಾಣಿಯೇ ಹೇಳಿ ಕಳಿಸಿದ್ದ. ಒಳ್ಳೆಯ ಮನುಷ್ಯ, ದನಿ ಎತ್ತಿ ಮಾತಾಡಿದವರಲ್ಲ. ಬಂದವರೇ ಹಾರವನ್ನು ಪೆಟ್ಟಿಗೆಯ ಮೇಲಿಟ್ಟು ಕಣ್ಣೊರೆಸಿಕೊಂಡರು.

"ಜಿಲ್ಲೆಗೆಲ್ಲ ಒಂದೇ ಪೇಪರು. ರಜ ಕೊಡೋಕೆ ನನ್ನ ಕೈಲಿ ಆಗ್ಲಿಲ್ಲ," ಎಂದರು. "ಆದ್ರೆ ಒಂದು ಮಾಡಬಹುದು. ಎಂಟನೇ ಕ್ಲಾಸಿನವರನ್ನ ಈಗಲೇ ಎಬ್ಬಿಸಿ ಕಳಿಸ್ತೀನಿ. ಟೀಚರ ಮುಖ ನೋಡ್ಕೊಳ್ಳಲಿ, ಪಾಪ. ಮಾರ್ಕು ನಾನು ಹಾಕ್ಕೊಳ್ತೀನಿ, ಯಾರಿಗೂ ಕಡಿಮೆ ಮಾಡಲ್ಲ. ಹೇಗೂ ಈಗ ಎಂಟನೇ ಕ್ಲಾಸ್ ತನಕ ಎಲ್ಲರೂ ಪಾಸೇ ಅಲ್ವಾ."

"ನೋಡಯ್ಯಾ," ಎಂದ ದಂಡಪಾಣಿ, ಉಸಿರು ಬಿಟ್ಟು. "ಮಕ್ಕಳೂ ಬಂದಂಗಾಯ್ತು, ಹೊತ್ತೂ ಮೀರಲ್ಲ. ಇನ್ನೇನು?"

ಏಳುಮಲೈ ತಮಟೆಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡ. ತಣ್ಣಗಿದ್ದ ಚರ್ಮದ ಮೇಲೆ ಬೆರಳಾಡಿಸಿದ. ಸದ್ದು ಬರಲಿಲ್ಲ.

"ಬೇಡ ಸಾರ್," ಎಂದ.

"ನಿನ್ನ ಮಗಳೂ ಅಲ್ಲೇ ಇದಾಳಲ್ಲಪ್ಪಾ. ಪೂವರಸಿ. ಚೆನ್ನಾಗೇ ಹಾಕ್ತೀನಿ ಅವಳಿಗೆ."

"ಅದಕ್ಕೇ ಬೇಡ ಅಂದೆ. ನಮ್ಮ ಮಕ್ಕಳಿಗೆ ಮಾರ್ಕು ಹಾಕೋಕೆ ಎಲ್ಲರೂ ರೆಡಿ ಇದ್ದೀರ ಸಾರ್. ಕೂರಿಸಿ ಬರೆಸೋರು ಇವರೊಬ್ರೇ ಇದ್ರು."

ಇಳಂಗೋವನ್ ಸಾರ್ ತಮ್ಮ ಚಪ್ಪಲಿ ನೋಡಿಕೊಂಡರು. ಹಿಂದಿನ ಮೇಷ್ಟ್ರುಗಳು ಕಾಲೋನಿಯ ಮಕ್ಕಳಿಗೆ ಗೈರುಹಾಜರಿ ಹಾಕಿ ಹೊರಗೆ ದಬ್ಬುತ್ತಿದ್ದರು. ಈಗಿನವರು ಪಾಸು ಹಾಕಿ ದಬ್ಬುತ್ತಾರೆ. ಒಂಬತ್ತನೇ ತರಗತಿಗೆ ಹೋದ ಹುಡುಗ ಭಿನ್ನರಾಶಿ ಕಂಡು ಬೆವರಿ, ದೀಪಾವಳಿಯ ಹೊತ್ತಿಗೆ ಚರ್ಮದ ಕಾರ್ಖಾನೆಯ ಗೇಟಿನಲ್ಲಿ ನಿಂತಿರುತ್ತಾನೆ. ಯಾರೂ ಅವನನ್ನು ಫೇಲು ಮಾಡಿರುವುದಿಲ್ಲ. ಯಾರ ಮೇಲೂ ತಪ್ಪಿಲ್ಲ.

"ಅಲ್ಲಯ್ಯಾ," ಎಂದ ದಂಡಪಾಣಿ, "ನನ್ನಕ್ಕನೇ ನಿನ್ನ ಫೇಲ್ ಮಾಡಿದ್ಲಂತಲ್ಲ?"

"ಹೂಂ. ಮಾಡಿದ್ರು."

"ಆಮೇಲೂ ಅವಳ ಪರವಾಗಿ ಕೂತಿದ್ದೀಯ?"

"ಹೆಣ ನಿಲ್ಲಿಸಿದ್ರು, ನಾಲ್ಕು ಮಾರ್ಕು ಕೊಡ್ಲಿಲ್ಲ. ಎರಡೂ ಅವರೇ ಅಣ್ಣ. ಒಂದನ್ನ ಇಟ್ಕೊಂಡು ಇನ್ನೊಂದು ಬಿಸಾಕೋಕಾಗುತ್ತಾ?"

*

ಪೂವರಸಿ ಆರನೇ ತರಗತಿಗೆ ಸೇರಿದ ವರ್ಷ ಟೀಚರು ಕಾಲೋನಿಗೆ ಬಂದರು. ಆಗಲೇ ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ರಟ್ಟಿನ ಹಾಳೆ, ಡಬ್ಬಿಯಲ್ಲಿ ಅನ್ನದ ಗಂಜಿ. ಪ್ರತಿ ಮನೆಗೂ ಹೀಗೇ ಹೋಗುತ್ತಿದ್ದರು. ಮಗು ಯಾವಾಗ ನೀರು ತರುತ್ತದೆ, ಯಾವಾಗ ಮೇಕೆ ಕಟ್ಟುತ್ತದೆ ಎಂದು ಕೇಳಿಕೊಂಡು ಅಲ್ಲೇ ಕೂತು ವೇಳಾಪಟ್ಟಿ ಮಾಡುತ್ತಿದ್ದರು. ಅಕ್ಷರ ಬಾರದ ತಾಯಂದಿರಿಗಾಗಿ ಚಿತ್ರ ಬರೆಯುತ್ತಿದ್ದರು. ಒಂದು ಬಿಂದಿಗೆ, ಒಂದು ಮೇಕೆ, ಅದರಾಚೆ ಒಂದು ಪುಸ್ತಕ, ಪುಸ್ತಕದ ಪಕ್ಕ ಉರಿಯುವ ಬಲ್ಬು. ಅವರ ಮೇಕೆ ನಾಯಿಯ ಹಾಗಿರುತ್ತಿತ್ತು.

"ಟೀಚರ್, ನಮ್ಮನೇಲಿ ನಾಯಿ ಇಲ್ಲ," ಎಂದಿದ್ದ ಏಳುಮಲೈ, ಮುಖ ಬಿಗಿದುಕೊಂಡೇ.

"ಕೊಂಬು ಹಾಕಿದ್ದೀನಿ ನೋಡು. ನಾಯಿಗೆ ಕೊಂಬಿರುತ್ತಾ?" ಗಂಜಿ ಸವರಿ ರಟ್ಟನ್ನು ಗೋಡೆಗೆ ಒತ್ತಿದರು. "ಈ ಪುಸ್ತಕದ ಹೊತ್ತಲ್ಲಿ ಅವಳನ್ನ ಯಾರೂ ಕರೀಬಾರದು. ನೀನೂ."

ಅವರು ಹೊರಟು ನಿಂತಾಗ ಅವನಿಗೆ ತಡೆಯಲಾಗಲಿಲ್ಲ.

"ಆ ನಾಲ್ಕು ಮಾರ್ಕು ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಟೀಚರ್?"

ಟೀಚರು ಬೆರಳಿಗೆ ಅಂಟಿದ ಗಂಜಿಯನ್ನು ಉಜ್ಜುತ್ತಾ ನಿಂತರು.

"ಕೊಟ್ಟಿದ್ರೆ ನೀನು ಒಂಬತ್ತರಲ್ಲಿ ಬೀಳ್ತಿದ್ದೆ. ಹಾಗಂತ ಅಂದ್ಕೊಂಡೆ. ನೀನು ಮತ್ತೆ ಬರ್ತೀಯ ಅಂತಲೂ ಅಂದ್ಕೊಂಡೆ. ಜೂನ್ ಪೂರ್ತಿ ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸ್ಲಿಲ್ಲ ಏಳುಮಲೈ." ಡಬ್ಬಿಯ ಮುಚ್ಚಳ ಒತ್ತಿ, "ನಿನ್ನಪ್ಪನಿಗೆ ಕೂಲಿ ತಪ್ಪಿಸ್ತಾರೆ ಅನ್ನೋದು ಆಗ ನನಗೆ ಹೊಳೀಲಿಲ್ಲ. ನಾನೂ ಚಿಕ್ಕವಳು," ಎಂದರು.

ಕ್ಷಮಿಸು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಏನು ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಅವತ್ತಿನಿಂದ ಗೋಡೆಯ ಮೇಲಿನ ಪುಸ್ತಕದ ಹೊತ್ತಿಗೆ ಸರಿಯಾಗಿ ಅವನೇ ಬಿಂದಿಗೆ ಹಿಡಿದು ಕೊಳಾಯಿಗೆ ಹೋದ. ಗಂಡಸು ನೀರು ಹೊರುತ್ತಾನೆಂದು ಜಯಪಾಲ್ ಆಡಿಕೊಂಡ. ಆಮೇಲೆ ಅವನ ಮನೆಯ ಗೋಡೆಗೂ ರಟ್ಟು ಬಂತು. ಆಡಿಕೊಳ್ಳುವುದು ನಿಂತಿತು.

*

"ಬ್ಯಾಂಡ್ ಸೆಟ್ ತರಿಸ್ತೀನಿ," ಎಂದು ದಂಡಪಾಣಿ ಫೋನು ತೆಗೆದ. "ಪೇಟೆಯಿಂದ. ನೀನಿಲ್ದೆ ಹೆಣ ಏಳಲ್ವಾ ನೋಡ್ತೀನಿ."

"ತರಿಸಿ ಅಣ್ಣ. ಅವರು ಡ್ರೆಸ್ಸು ಹಾಕ್ಕೊಂಡು ಬರೋಷ್ಟರಲ್ಲಿ ಬೆಲ್ಲಾಗುತ್ತೆ," ಎಂದ ಜಯಪಾಲ್.

"ನಿನಗೂ ಬಾಯಿ ಬಂತಾ?"

ಪೆಟ್ಟಿಗೆಯ ತಲೆಯ ಬದಿಯಲ್ಲಿ ಕೂತಿದ್ದ ಸೋದರತ್ತೆ ರಾಜಕಾಂತಮ್ಮ ಕೋಲು ನೆಲಕ್ಕೆ ಕುಟ್ಟಿದಳು. ಬೆಳಗಿನಿಂದ ಒಂದು ಮಾತೂ ಆಡದ ಮುದುಕಿ.

"ಫೋನಿಡೋ ದಂಡಪಾಣಿ. ಅವಳು ಯಾವತ್ತು ರಾಹುಕಾಲ ನೋಡಿದ್ಲು? ಕಾಟ್ಪಾಡಿ ಗಂಡಿನವರು ಅವಳನ್ನ ನೋಡೋಕೆ ಬಂದಿದ್ರಲ್ಲ, ಜ್ಞಾಪಕ ಇದೆಯಾ? ಪೇಪರು ತಿದ್ದೋದು ಮುಗೀಲಿಲ್ಲ ಅಂತ ಕೋಣೆ ಬಿಟ್ಟು ಆಚೆಗೇ ಬರ್ಲಿಲ್ಲ. ಅವರು ಬಜ್ಜಿ ತಿಂದ್ರು, ಕಾಫಿ ಕುಡಿದ್ರು, ಇನ್ನೊಂದ್ಸಲ ಬಜ್ಜಿ ತಿಂದ್ರು, ಎದ್ದು ಹೋದ್ರು. ಅವತ್ತು ಒಳ್ಳೆ ಮುಹೂರ್ತವೇ ಇತ್ತಪ್ಪ."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ದಂಡಪಾಣಿಯ ಬಾಯಿಯ ಮೂಲೆಯೂ ನಡುಗಿತು. ಆಮೇಲೆ ಅವನು ಕುರ್ಚಿಯಲ್ಲಿ ಕುಸಿದು, ಬೆಳಗಿನಿಂದ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತ. "ನನಗೂ ಸುಮ್ನೆ ಮಾರ್ಕು ಹಾಕಿರ್ಲಿಲ್ಲ ಅತ್ತೆ. ಸ್ವಂತ ತಮ್ಮನಿಗೆ. ಟ್ಯೂಷನ್ನಿನ ಟೆಸ್ಟಲ್ಲೂ ಹಾಕಿರ್ಲಿಲ್ಲ."

ಏಳುಮಲೈ ಎದ್ದುಹೋಗಿ ಅವನಿಗೆ ಒಂದು ಲೋಟ ನೀರು ತಂದುಕೊಟ್ಟ. ಆ ಮನೆಯ ಲೋಟ, ಆ ಮನೆಯ ಕೊಡದ ನೀರು. ದಂಡಪಾಣಿ ನೋಡಿದ, ತೆಗೆದುಕೊಂಡ, ಕುಡಿದ.

ಹನ್ನೆರಡಾಯಿತು. ರಾಹುಕಾಲ ಬಂತೆಂದು ಯಾರೂ ಹೇಳಲಿಲ್ಲ. ಇಳಂಗೋವನ್ ಸಾರ್ ಸದ್ದಿಲ್ಲದೆ ಎದ್ದು ಸ್ಕೂಲಿಗೆ ವಾಪಸು ಹೋದರು. ಹೆಂಗಸರು ಪೆಟ್ಟಿಗೆ ತೆಗೆಸಿ ಟೀಚರಿಗೆ ಸ್ನಾನ ಮಾಡಿಸಿದರು. ತಂತಿಯ ಮೇಲಿದ್ದ ಸೀರೆಯನ್ನೇ ಉಡಿಸಿದರು. ಸತ್ತವರ ಬಾಯಿಗೆ ಮೊದಲು ಮಕ್ಕಳು ಹಾಕುವ ಬಾಯಿಗಕ್ಕಿಯನ್ನು ತಟ್ಟೆಯಲ್ಲಿ ತಂದಿಟ್ಟಾಗ ಯಾರೋ ಕೇಳಿದರು: "ಮಕ್ಕಳಿಲ್ಲದವಳು. ಮೊದಲು ಯಾರು ಹಾಕೋದು?" ಎಲ್ಲರೂ ದಂಡಪಾಣಿಯನ್ನು ನೋಡಿದರು. ಅವನು ರಸ್ತೆಯಾಚೆಗೆ ನೋಡುತ್ತಿದ್ದ.

ಬೆಲ್ಲು ಹೊಡೆಯಿತು.

ಗೇಟು ತೆರೆದು ಮಕ್ಕಳು ಓಡಿಬಂದರು. ಅಂಗಳದ ಅಂಚಿಗೆ ಬಂದ ಕೂಡಲೇ ಓಟ ನಿಂತಿತು. ಯಾರೂ ಹೇಳದೆಯೇ ಎತ್ತರದ ಪ್ರಕಾರ ಸಾಲಾದರು, ಪ್ರಾರ್ಥನೆಗೆ ಟೀಚರು ನಿಲ್ಲಿಸುತ್ತಿದ್ದ ಹಾಗೆ. ಎಲ್ಲರಿಗಿಂತ ಗಿಡ್ಡಗಿದ್ದ ಪೂವರಸಿ ಮುಂದೆ ಬಂದಳು. ಪೆನ್ನು ಸೋರಿ ಬಲಗೈ ಬೆರಳೆಲ್ಲ ನೀಲಿಯಾಗಿತ್ತು.

"ಎಲ್ಲಾ ಬರೆದ್ಯಾ?" ಎಂದು ಕೇಳಿದ ಏಳುಮಲೈ.

"ಒಂದು ಬಿಟ್ಟೆ ಅಪ್ಪಾ. ಬರ್ಲಿಲ್ಲ." ಅವಳು ಟೀಚರ ಕಡೆ ತಿರುಗಿದಳು. "ಪಕ್ಕದವಳು ತೋರಿಸಿದ್ಲು. ನಾನು ನೋಡ್ಲಿಲ್ಲ."

ಅವನು ಬೇವಿನ ಬುಡದಿಂದ ಹುಲ್ಲಿನ ಕಂತೆ ಎಳೆದುಕೊಂಡು ಕಡ್ಡಿ ಗೀರಿದ. ಉರಿ ಎದ್ದಿತು. ತಮಟೆಯ ಚರ್ಮವನ್ನು ಅದರ ಮುಂದೆ ಹಿಡಿದು ನಿಧಾನವಾಗಿ ತಿರುಗಿಸತೊಡಗಿದ.

"ಕಾಲೋನಿ ಹುಡುಗಿ..." ಎಂದು ಹಿಂದಿನಿಂದ ಒಂದು ದನಿ ಶುರುವಾಯಿತು. ದಂಡಪಾಣಿ ತಟ್ಟೆಯನ್ನು ಎತ್ತಿ ಪೂವರಸಿಯ ಮುಂದೆ ಹಿಡಿದ.

ಅವಳು ಬಾಗಿ ಅಕ್ಕಿ ಹಾಕಿದಳು. ಒಂದು ಕಾಳು ಬೆರಳಿನ ಹಸಿ ಇಂಕಿಗೆ ಅಂಟಿಕೊಂಡು ಬೀಳದೆ ಉಳಿಯಿತು. ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಬಿಡಿಸಿ ಟೀಚರ ತುಟಿಯ ಮೇಲಿಟ್ಟಳು. ಬಿಳಿಯ ಅಕ್ಕಿಯ ನಡುವೆ ಅದೊಂದು ಕಾಳು ನೀಲಿಯಾಗಿತ್ತು.