ಉಜ್ಜಿನಿಗೆ ಹೊರಟ ಚಾರ್ಜರು

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಅಂಗಡಿಯವನು ‘ನಿಮಗಂತ ಹೇಳ್ತೀನಿ’ ಅಂದರೆ ಸಾಕು, ಕೈಚೀಲ ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಅವತ್ತು ಕೊಟ್ಟೂರಿನಲ್ಲಿ ಗಾಡಿಗಳ ವೈರಿಂಗ್ ಮಾಡುವ ಫಿರೋಜ್ ಅದೇ ಮಾತಿನಿಂದ ಶುರು ಮಾಡಿದ.

ಕಿವಿ ಕೇಳದವರಿಗೆ ಶ್ರವಣಯಂತ್ರ ಹೊಂದಿಸುವುದು ನನ್ನ ಕೆಲಸ. ಊರೂರಿಗೆ ಕಾರಿನಲ್ಲಿ ಹೋಗಿ, ಯಂತ್ರವನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಅವರವರ ಕಿವಿಗೆ ತಕ್ಕಂತೆ ದನಿ ಕೂಡಿಸುತ್ತೇನೆ. ಅದಕ್ಕೆ ಅರ್ಧ ಗಂಟೆ ಬೇಕು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿಯೋ ಮುದಿಯಾಗಿ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ. ಉಜ್ಜಿನಿಯಲ್ಲಿ ಅವತ್ತು ಸಂಜೆಯವರೆಗೆ ಕರೆಂಟಿಲ್ಲ.

ಉಜ್ಜಿನಿಯಲ್ಲಿ ಪಂಪಮ್ಮ ಕಾಯುತ್ತಿದ್ದಳು. ರಿಪೇರಿಯಾಗಿ ಬಂದ ಅವಳ ಯಂತ್ರ ನನ್ನ ಚೀಲದಲ್ಲಿತ್ತು. ಮೂರು ಗಂಟೆಗೆ ಅವಳ ಮೊಮ್ಮಗಳು ಭಾಗ್ಯಳನ್ನು ನೋಡಲು ಹಡಗಲಿಯವರು ಬರುವವರಿದ್ದರು. ಭಾಗ್ಯಳನ್ನು ಹಟ ಹಿಡಿದು ನರ್ಸಿಂಗಿಗೆ ಸೇರಿಸಿದವಳೇ ಪಂಪಮ್ಮ. ಮದುವೆಯಾದರೂ ಓದು ನಿಲ್ಲಬಾರದು ಎಂಬುದು ಅವಳ ಷರತ್ತು. ಹಿರಿಯಳು ಒಪ್ಪದೆ ಆ ಮನೆಯಲ್ಲಿ ನಿಶ್ಚಯದ ಎಲೆಅಡಿಕೆ ಬದಲಾಗುವುದಿಲ್ಲ.

“ಅವರು ಏನ್ ಮಾತಾಡ್ತಾರಂತ ನನ್ನ ಕಿವಿಲೇ ಕೇಳಬೇಕು. ಎರಡಕ್ಕ ಬಾ” ಎಂದು ಫೋನಿನಲ್ಲಿ ಒದರಿ, ನನ್ನ ಉತ್ತರ ಹೇಗೂ ಕೇಳಿಸದು ಎಂದು ಇಟ್ಟುಬಿಟ್ಟಿದ್ದಳು. ಅನುಮಾನದಲ್ಲಿ ಅವಳು ನನಗೆ ಅಕ್ಕ.

ಕಾರಿನಿಂದಲೇ ಲ್ಯಾಪ್‌ಟಾಪಿಗೆ ಕರೆಂಟ್ ಕೊಡಲೆಂದು ನಾನು ಸಂತೆಯಲ್ಲಿ ಕೊಂಡಿದ್ದ ಸಣ್ಣ ಇನ್ವರ್ಟರನ್ನು ಫಿರೋಜ್ ಮೂಸಿ ನೋಡಿ ಕೆಳಗಿಟ್ಟ.

“ನಿಮಗಂತ ಹೇಳ್ತೀನಿ, ಇದು ಬ್ಯಾಡ್ರಿ ಅಕ್ಕಾರ. ಹಗುರ ಮಾಲು, ಕಾದು ಸುಟ್ಟು ಹೊಕ್ಕೈತಿ, ಲ್ಯಾಪ್‌ಟಾಪೂ ಕೈ ಕೊಡತೈತಿ. ನಿಮ್ಮದಕ್ಕ ಟೈಪ್-ಸಿ ಐತಲ್ಲ, ಅರವತ್ತೈದು ವ್ಯಾಟಿನ ಕಾರ್ ಚಾರ್ಜರ್ ಸಾಕು. ಇಂಜಿನ್ ಚಾಲೂ ಇಟ್ಟು ಹಚ್ಚರಿ.”

ಅದನ್ನು ಬೇಡವೆಂದವನ ಡ್ರಾಯರಿನಲ್ಲೇ ಬೇಕಾದ ಚಾರ್ಜರ್ ಸಿದ್ಧವಾಗಿತ್ತು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೇ ಕೊಂಡೆ. “ಗಾಡಿಗೆ ಹಚ್ಚಿ ತೋರಿಸ್ತೀನಿ ಬರ್ರಿ” ಅಂದ. ಒಳಗೆ ಕೈ ಹಾಕಿ ಇನ್ನೊಂದು ರಿಪೇರಿ ಹುಟ್ಟಿಸಿಯಾನು ಎಂದು ನಾನು ಬೇಡವೆಂದೆ.

ಅರ್ಧ ದಾರಿಯಲ್ಲಿ ಚಾರ್ಜರಿನ ದೀಪ ಮಿಣುಕಿತು, ಆರಿತು. ಅಲುಗಾಡಿಸಿದರೆ ಹತ್ತಿತು, ಗುಂಡಿ ಬಂದರೆ ಮತ್ತೆ ಆರಿತು. ನನಗೆ ಮೈಯೆಲ್ಲ ಉರಿಯಿತು. ಡೂಪ್ಲಿಕೇಟ್ ಮಾಲು ಕಟ್ಟಿದ್ದಾನೆ! ಗಾಡಿ ತಿರುಗಿಸಿ ಕೊಟ್ಟೂರಿಗೆ ಬಂದರೆ ಅವನು ಊಟಕ್ಕೆ ಹೋಗಿದ್ದ. ಬೈಗುಳ ಹೊಂದಿಸಿಕೊಳ್ಳುತ್ತ ಒಂದು ಗಂಟೆ ಕಾದೆ.

ಬಂದವನಿಗೆ ನಾಲ್ಕು ಜನರ ಮುಂದೆ ಎಲ್ಲವನ್ನೂ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆಂದು ಕಾದರೆ, ಫಿರೋಜ್ ಟಾರ್ಚ್ ತಗೊಂಡು ಕಾರಿನೊಳಗೆ ಬಗ್ಗಿದ. ಗಾಡಿ ಬಂದ್ ಮಾಡಿಸಿ, ಚಾರ್ಜರ್ ಸಿಕ್ಕಿಸುವ ತೂತಿನಿಂದ ಏನನ್ನೋ ಕೆದರಿ ಅಂಗೈಗೆ ಸುರಿದುಕೊಂಡ. ಒಂದಿಷ್ಟು ಬೂದಿ, ಮೂರು ಮುರುಕು ಕಡ್ಡಿ.

“ಊದಿನಕಡ್ಡಿ ಇಲ್ಲೇ ಹಚ್ತೀರೇನ್ರಿ?”

ಹೌದು. ದಿನಾ ಬೆಳಿಗ್ಗೆ ಅಲ್ಲೇ. ಅದಕ್ಕೆಂದೇ ಕಂಪನಿಯವರು ತೂತು ಕೊಟ್ಟಿದ್ದಾರೆ ಎನ್ನುವಂತೆ ನಮ್ಮ ಕಡೆಯ ಎಷ್ಟೋ ಗಾಡಿಗಳಲ್ಲಿ ಕಡ್ಡಿ ನಿಲ್ಲುವುದು ಅಲ್ಲೇ.

“ದೇವರಿಗೆ ಬ್ಯಾರೆ ಜಾಗ ಮಾಡಿಕೊಡ್ರಿ” ಎಂದು ಅವನು ಒರೆಸಿ ಕೊಟ್ಟ. ದೀಪ ಹತ್ತಿ ನಿಂತಿತು. ತಪ್ಪಾಯಿತು ಎನ್ನದೆಯೇ ಗಾಡಿ ಹತ್ತಿದೆ.

ಉಜ್ಜಿನಿ ಮುಟ್ಟಿದಾಗ ನಾಲ್ಕೂಕಾಲು. ಹಡಗಲಿಯವರು ಆಗಲೇ ಹೋಗಿದ್ದರು. ಪಂಪಮ್ಮ ಖುಷಿಯಿಂದಲೇ ಬಂದು ಕಾರಿನಲ್ಲಿ ಕೂತಳು.

“ಛಲೋ ಮಂದಿ ಬಿಡು. ನಕ್ಕೊಂತ ನಕ್ಕೊಂತ ಏನೇನೋ ಕೇಳಿದ್ರು. ನಾನೂ ಹೂಂ ಅಂದೆ.”

ಯಾವುದಕ್ಕೆ ಹೂಂ ಅಂದಳೋ ದೇವರೇ ಬಲ್ಲ. ಇಂಜಿನ್ ಚಾಲೂ ಇಟ್ಟು ಅರ್ಧ ಗಂಟೆ ಕೆಲಸ ಮಾಡಿದೆ. ದೀಪ ಒಮ್ಮೆಯೂ ಆರಲಿಲ್ಲ. ಯಂತ್ರಕ್ಕೆ ದನಿ ಬಂದ ಕೂಡಲೇ ಪಂಪಮ್ಮ ಮನೆಯ ಕಡೆ ತಿರುಗಿದಳು.

“ಯಾರು ಅಳಾಕತ್ತೋರು?”

ಭಾಗ್ಯ ಕಣ್ಣೊರೆಸಿಕೊಳ್ಳುತ್ತ ಬಂದಳು. “ಓದು ಬಿಡಿಸ್ತೀವಿ ಅಂದ್ರು, ಅಜ್ಜಿ. ನೀ ಹೂಂ ಅಂದಿ. ಮಂದಿ ಮುಂದ ನಾ ಹೆಂಗ ಒದರಲಿ? ‘ನಮ್ಮವ್ವ ಒಪ್ಪಿದಮ್ಯಾಲೆ ಮುಗೀತು’ ಅಂತಂದು ಅಪ್ಪ ಎಲಿಅಡಿಕಿ ಇಸ್ಕೊಂಡ.”

ತಡಮಾಡಿದ್ದು ನಾನು, ಒಬ್ಬ ನೆಟ್ಟಗಿನ ಮನುಷ್ಯನನ್ನು ಬೈಯಲಿಕ್ಕೆ ಹೋಗಿ. ಬೂದಿಯ ಕತೆಯನ್ನೂ ಬಿಡದೆ ಹೇಳಿಬಿಟ್ಟೆ. ಬೈಯುತ್ತಾಳೆಂದು ಕಾದೆ. ಪಂಪಮ್ಮ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ, ಯಂತ್ರವನ್ನು ಕಿವಿಗೆ ಒತ್ತಿಕೊಂಡಳು.

“ಹೂಂ ಅಂದಾಕಿ ನಾನ. ಉಹೂಂ ಅನ್ನಾಕಿನೂ ನಾನ. ನಡಿ ಹಡಗಲಿಗೆ.”

ಭಾಗ್ಯ ಬರಿಗಾಲಿನಲ್ಲೇ ಹಿಂದಿನ ಸೀಟಿಗೆ ಹತ್ತಿದಳು. ನಾನು ಗೇರ್ ಹಾಕಿದೆ.